ಹಿಂಬದಿಯನ್ನೂ ತೋರಿಸು, ತಂಗಿ

ನಿಮ್ಮ ಬಳಗದ ಕೈಕೆಲಸದ ಉಡುಪುಗಳ ವಾರ್ಷಿಕ ಪ್ರದರ್ಶನದ ಹೊಣೆ ಈ ಸಲ ನಿನ್ನ ಪಾಲಿಗೆ ಬಂದಿದೆ ಎಂದು ತಿಳಿದು ಸಂತೋಷವಾಯಿತು. ಕಸೂತಿ ಹಾಕುವವರು, ಮಗ್ಗದವರು, ಕೌದಿ ಹೊಲಿಯುವವರು, ಕ್ರೋಶಾ ಹೆಣೆಯುವವರು ಎಲ್ಲರನ್ನೂ ಒಂದು ದಿನದ ಮಟ್ಟಿಗೆ ಕೂಡಿಸುವುದೆಂದರೆ ಹುಡುಗಾಟವಲ್ಲ. ಒಬ್ಬರಿಗೆ ಸರದಿ ಹಿಡಿಸುವುದಿಲ್ಲ, ಇನ್ನೊಬ್ಬರಿಗೆ ಕುರ್ಚಿ ಹಿಡಿಸುವುದಿಲ್ಲ, ಮತ್ತೊಬ್ಬರಿಗೆ ಪಕ್ಕದವರ ಮುಖವೇ ಹಿಡಿಸುವುದಿಲ್ಲ. ಅದೆಲ್ಲ ಇದ್ದದ್ದೇ, ಹೇಗೋ ಸಂಭಾಳಿಸುತ್ತೀ. ನಾನು ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ.

ನೀನು ಕಳಿಸಿದ ಪಟ್ಟಿ ಓದಿದೆ. ಬೆಂಗಳೂರಿನಿಂದ ಬರುವ ಆರು ಜನ ಮಾಡೆಲ್‌ಗಳು, ಬಣ್ಣದ ದೀಪ, ಹೊಗೆ ಬಿಡುವ ಯಂತ್ರ, ಡಿಜೆ, ಎಪ್ಪತ್ತು ಉಡುಪು, ಒಂದು ಗಂಟೆಯ ಕಾರ್ಯಕ್ರಮ. ಖರ್ಚಿನ ಲೆಕ್ಕ ಅಚ್ಚುಕಟ್ಟಾಗಿದೆ, ಅದಕ್ಕೆ ಶಹಬ್ಬಾಸ್. ಆದರೆ ಕೊನೆಯ ಸಾಲಿನವರೆಗೂ ಹುಡುಕಿದರೂ ಬಟ್ಟೆ ಮಾಡಿದ ಹೆಣ್ಣುಮಕ್ಕಳ ಬಾಬ್ತು ಒಂದು ರೂಪಾಯಿಯೂ ಕಾಣಲಿಲ್ಲ. ಅವರು ಎಲ್ಲಿ ಕೂರುತ್ತಾರೆ ಎಂಬುದೂ ಕಾಣಲಿಲ್ಲ.

ಎಪ್ಪತ್ತು ಉಡುಪನ್ನು ಒಂದು ಗಂಟೆಗೆ ಹಂಚಿ ನೋಡು. ಒಂದೊಂದಕ್ಕೆ ಐವತ್ತು ಸೆಕೆಂಡು. ಒಬ್ಬಳು ಬಂದಳು, ತಿರುಗಿದಳು, ಹೋದಳು. ಗಿರಣಿ ಬಟ್ಟೆಗೆ ಅಷ್ಟು ಧಾರಾಳ ಸಾಕು, ಯಾಕೆಂದರೆ ಅಲ್ಲಿ ತೋರಿಸುವುದು ಕತ್ತರಿಕೆಯ ಅಂದ, ಬಣ್ಣದ ಮೇಳ. ನಮ್ಮದು ಹಾಗಲ್ಲ. ಕೈಯಿಂದ ಮಾಡಿದ್ದನ್ನು ತೋರಿಸಲು ಜನರನ್ನು ಕರೆದ ಮೇಲೆ ಅವರಿಗೆ ಆ ಕೈಯ ಕೆಲಸ ಕಾಣಬೇಕು. ನೋಡುವವರ ಕಣ್ಣು ಬಟ್ಟೆಯ ಮೇಲೆ ಒಂದಿಷ್ಟು ಹೊತ್ತು ಕೂರಬೇಕು. ದೀಪ, ಹಾಡು, ನಡಿಗೆ, ಮಾತು ಯಾವುದೇ ಇರಲಿ, ಇದಕ್ಕೆ ನೆರವಾದರೆ ಇಟ್ಟುಕೋ, ಅಡ್ಡ ಬಂದರೆ ಬಿಡು. ನನಗೆ ಹೇಳಲು ಇರುವುದು ಇಷ್ಟೇ. ಉಳಿದದ್ದು ಇದನ್ನು ಹೇಗೆ ಮಾಡಬಹುದೆಂಬ ವಿವರ.

ಕಸೂತಿಯನ್ನೇ ತಗೋ. ಕರಿ ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು. ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆ ಎಳೆಯುವಂತಿಲ್ಲ, ಅಚ್ಚು ಒತ್ತುವಂತಿಲ್ಲ. ಹಾಸಿನ ಎಳೆ, ಹೊಕ್ಕಿನ ಎಳೆ ಎಣಿಸುತ್ತಲೇ ಸೂಜಿ ಮುಂದೆ ಹೋಗಬೇಕು. ಗಾವಂಟಿ ಹೊಲಿಗೆಯಲ್ಲಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತ ಬಂದು, ಹೊರಟಲ್ಲಿಗೇ ತಲುಪಬೇಕು. ಮುರ್ಗಿಯೂ ಹಾಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ. ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಯಾವ ಕವಲಿಗೆ ಮೊದಲು ಹೋಗಬೇಕು, ಎಲ್ಲಿಂದ ಹಿಂದಿರುಗಬೇಕು ಎಂಬ ಲೆಕ್ಕ ಸೂಜಿ ಚುಚ್ಚುವ ಮೊದಲೇ ತಲೆಯಲ್ಲಿರಬೇಕು. ಗೋಪುರದ ಬುಡದಲ್ಲಿ ಒಂದು ಎಳೆ ತಪ್ಪಿದರೆ ಮೇಲೆ ಕಳಸ ನಡುಮಧ್ಯಕ್ಕೆ ಬಾರದೆ ವಾಲಿ ಕೂರುತ್ತದೆ. ಆಮೇಲೆ ಬಿಚ್ಚುವುದೊಂದೇ ದಾರಿ. ಇಷ್ಟೆಲ್ಲ ಸರಿಯಾಗಿ ಮಾಡಿದರೆ ಬಟ್ಟೆಯ ಹಿಂದೆಯೂ ಮುಂದೆಯೂ ಒಂದೇ ಚಿತ್ರ. ಯಾವುದು ಒಳಮೈ, ಯಾವುದು ಹೊರಮೈ ಎಂದು ಗುರುತಿಸಲಾಗದು.

ಇದು ಹತ್ತನೇ ಸಾಲಿನಲ್ಲಿ ಕೂತವರಿಗೆ ಹೇಗೆ ಕಾಣಬೇಕು? ಅಲ್ಲಿಂದ ನೋಡಿದರೆ ಕರಿ ಸೀರೆಯ ಮೇಲೆ ಬಣ್ಣದ ಚುಕ್ಕಿಗಳು, ಅಷ್ಟೇ. ಅಚ್ಚು ಹಾಕಿದ ಬಟ್ಟೆಯೂ ಅಲ್ಲಿಂದ ಹಾಗೇ ಕಾಣುತ್ತದೆ. ಆದ್ದರಿಂದ ಎತ್ತರದ ವೇದಿಕೆ ಬೇಡ. ಕಲ್ಯಾಣ ಮಂಟಪದ ಹಾಲ್ ಉದ್ದವಾಗಿದ್ದರೆ ನಡುವೆ ಆರಡಿ ದಾರಿ ಬಿಟ್ಟು, ಎರಡೂ ಬದಿಗೆ ಎರಡೆರಡೇ ಸಾಲು ಕುರ್ಚಿ ಹಾಕು. ಜನ ಹೆಚ್ಚಾದರೆ ಒಂದೇ ದಿನ ಎರಡು ಆಟ ಮಾಡು, ಬೆಳಿಗ್ಗೆ ಒಂದು, ಸಂಜೆ ಒಂದು. ಉಡುಪು ನಲವತ್ತಕ್ಕೆ ಇಳಿಸು. ಉಟ್ಟವಳು ದಾರಿಯ ಮೂರು ಕಡೆ ನಿಲ್ಲಲಿ. ನಿಂತಾಗ ಸೆರಗನ್ನು ಕೈಗೆ ತೆಗೆದುಕೊಂಡು ಮಗುಚಿ, ಹಿಂಬದಿಯನ್ನು ಕೂತವರ ಕಣ್ಣ ಮುಂದೆ ಹಿಡಿಯಲಿ. ನೃತ್ಯ ಬೇಡ, ಸೊಂಟ ಬಳುಕಿಸುವುದು ಬೇಡ. ಈ ಒಂದು ಕೆಲಸ ಮಾಡಿಸಿದರೆ ಸಾಕು, ಮುಂದಿನ ಸಾಲಿನ ಹೆಂಗಸರು ತಾವಾಗಿಯೇ ಕುರ್ಚಿಯಿಂದ ಅರ್ಧ ಏಳುತ್ತಾರೆ ನೋಡು.

ಆದರೆ ಹಿಂಬದಿ ತೋರಿಸಬೇಕೆಂದರೆ ತೋರಿಸುವಂಥ ಹಿಂಬದಿ ಇರಬೇಕಲ್ಲ! ಅದಕ್ಕೇ ಆಯ್ಕೆಯ ದಿನ ಸಡಿಲ ಬಿಡಬೇಡ. ಈಗ ಪೇಟೆಯಲ್ಲಿ ಕಸೂತಿ ಎಂದು ಮಾರುವುದರಲ್ಲಿ ಮೆಷಿನ್ ಕೆಲಸ ಎಷ್ಟೋ, ಅಚ್ಚು ಎಷ್ಟೋ. ಮೆಷಿನ್ನಿನದನ್ನು ಮಗುಚಿದರೆ ಕೆಳಗಿನ ಬಾಬಿನ್ ದಾರ ಬೇರೆಯೇ ಬಣ್ಣದಲ್ಲಿ ಕಾಣುತ್ತದೆ, ಕೆಲವದರಲ್ಲಿ ಬಿಗಿಗೆ ಹಾಕಿದ ಕಾಗದದಂಥ ಪದರ ಬೆರಳಿಗೆ ಹತ್ತುತ್ತದೆ, ಒಂದು ಹೂವಿನಿಂದ ಇನ್ನೊಂದಕ್ಕೆ ದಾರ ಹಾರಿರುತ್ತದೆ. ಒಂದು ಎಚ್ಚರ: ಮೆಂತಿ ಹೊಲಿಗೆ ಕತ್ತರಿ ಹೊಲಿಗೆಯ ಹಾಗೆ ಅಡ್ಡಡ್ಡ ಬರುವುದರಿಂದ ಅದರ ಹಿಂಬದಿ ಮುಂಬದಿಯಂತೆ ಇರುವುದಿಲ್ಲ. ಅದನ್ನು ನೋಡಿ ಮೆಷಿನ್ ಎಂದು ಪಾಪದವಳೊಬ್ಬಳನ್ನು ಹಿಂದಕ್ಕೆ ಕಳಿಸಿಬಿಟ್ಟೀರಿ. ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಇಳಕಲ್ಲ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಸಿಕ್ಕಿದೆ. ಆದರೆ ಅಂಗಡಿಯವನು ಗಲ್ಲೆಯ ಹಿಂದೆ ಕೂತು ಏನು ಹೇಳಿ ಮಾರುತ್ತಾನೆ ಎಂದು ಯಾವ ಗುರುತೂ ಬಂದು ಕೇಳುವುದಿಲ್ಲ. ಕೇಳಬೇಕಾದವರು ನೀವು.

ಕಟ್ಟುನಿಟ್ಟು ಹೇಗಿರಬೇಕು ಎಂದು ನೋಡಬೇಕಾದರೆ ದೂರ ಹೋಗಬೇಕಿಲ್ಲ, ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಬಾ. ಅಲ್ಲಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಬಟ್ಟೆ ಬಾಗಲಕೋಟೆ ಕಡೆಯಿಂದ ಬರುತ್ತದೆ. ಎಳೆಯ ಎಣಿಕೆ, ಬಣ್ಣ, ಅಳತೆ, ಹೊಲಿಗೆ, ಚಕ್ರದ ಜಾಗ, ಎಲ್ಲಕ್ಕೂ ಬಿಐಎಸ್ ಮಾನದಂಡವಿದೆ, ಎಲ್ಲವೂ ಪರೀಕ್ಷೆಗೆ ಒಳಗಾಗಬೇಕು. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರೇ. ಆಗಸ್ಟ್ 15ರಂದು ಊರೆಲ್ಲ ಸೆಲ್ಯೂಟ್ ಹೊಡೆಯುತ್ತದೆ, ಹೊಲಿದವರು ಯಾರೆಂದು ಒಬ್ಬರೂ ಕೇಳುವುದಿಲ್ಲ. 2021ರ ಕೊನೆಗೆ ಧ್ವಜ ಸಂಹಿತೆ ತಿದ್ದಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ದಾರಿ ಬಿಟ್ಟ ಮೇಲೆ ಆ ಹೆಂಗಸರ ಕೆಲಸಕ್ಕೆ ಬಿದ್ದ ಪೆಟ್ಟು ನಿನಗೆ ಗೊತ್ತೇ ಇದೆ. ಕೈಯ ಬಟ್ಟೆಗೂ ಯಂತ್ರದ ಬಟ್ಟೆಗೂ ಇರುವ ಅಂತರ ನೋಡುವವರ ಕಣ್ಣಿಗೆ ತಿಳಿಯದೆ ಹೋದರೆ ಅಗ್ಗದ್ದೇ ಗೆಲ್ಲುತ್ತದೆ. ನಿಮ್ಮ ಪ್ರದರ್ಶನ ಆ ಕಣ್ಣನ್ನು ಸ್ವಲ್ಪ ಪಳಗಿಸಲಿ.

ಇನ್ನು ಇಳಕಲ್ಲ ಸೀರೆ. ಇದನ್ನು ಉಡಿಸುವಾಗ ಬ್ಯೂಟಿ ಪಾರ್ಲರಿನವರ ಮಾತು ಕೇಳಬೇಡ. ಸೆರಗನ್ನು ಕಿರಿದಾಗಿ ಮಡಿಚಿ ಭುಜಕ್ಕೆ ಪಿನ್ನು ಹೊಡೆದರೆ ಅದರ ಟೋಪು ತೆನಿ ಸತ್ತಂತೆ. ಕೆಂಪು ರೇಷ್ಮೆಯಲ್ಲಿ ಬಿಳಿಯ ಹಲ್ಲುಹಲ್ಲಿನ ಪಟ್ಟಿ ಬರುವುದೇ ಬಿಚ್ಚಿ ಹರಡಲಿ ಎಂದು. ನಮ್ಮ ಹಿರಿಯರು ತಲೆ ತುಂಬ ಸೆರಗು ಹೊದೆಯುತ್ತಿದ್ದಾಗ ಅದು ಬೆನ್ನ ಮೇಲೆ ಪೂರ್ತಿ ಕಾಣುತ್ತಿತ್ತು. ತಲೆ ಮೇಲೆ ಹೊದೆಯಿರಿ ಎಂದು ಈಗಿನ ಹುಡುಗಿಯರಿಗೆ ನಾನು ಹೇಳುವುದಿಲ್ಲ, ಎರಡೂ ಕೈಯಲ್ಲಿ ಬಿಡಿಸಿ ಹಿಡಿದರಾಯಿತು. ಜೊತೆಗೆ ಒಡಲು ಮತ್ತು ಸೆರಗು ಕೂಡುವ ಗೆರೆಯನ್ನು ಬೆರಳಿಟ್ಟು ತೋರಿಸಲಿ. ಅಲ್ಲಿರುವುದು ಕೊಂಡಿ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಂದರ ಎಳೆಯ ಕುಣಿಕೆಯನ್ನು ಇನ್ನೊಂದರ ಕುಣಿಕೆಗೆ ಸಿಕ್ಕಿಸಿ, ಹೀಗೆ ಅಗಲ ಪೂರ್ತಿ ಎಳೆ ಎಳೆಯಾಗಿ ಕೂಡಿಸುತ್ತಾರೆ. ಈ ಕೊಂಡಿಯ ಸಲುವಾಗಿಯೇ ಒಂದೊಂದು ಸೀರೆಗೂ ಹಾಸನ್ನು ಬೇರೆ ಬೇರೆಯಾಗಿ ಸಿದ್ಧ ಮಾಡಬೇಕು. ಹತ್ತು ಸೀರೆಯ ಹಾಸು ಒಟ್ಟಿಗೆ ಹೂಡಿ ಸರಸರನೆ ನೇಯ್ದು ಬಿಸಾಡಲು ಬರುವುದಿಲ್ಲ. ಪವರ್‌ಲೂಮಿನ ನಕಲಿನಲ್ಲಿ ಬಣ್ಣ ಬರುತ್ತದೆ, ದಡಿ ಬರುತ್ತದೆ, ಕೊಂಡಿ ಬರುವುದಿಲ್ಲ.

ದೀಪದ ವಿಷಯ. ಬಣ್ಣದ ದೀಪ ಖಂಡಿತ ಬೇಡ. ಕೆಂಪು ದೀಪದ ಕೆಳಗೆ ಬಿಳಿ ದಾರವೂ ಕೆಂಪು ದಾರವೂ ಒಂದೇ ಆಗಿಬಿಡುತ್ತವೆ, ಹಸಿರು ಮತ್ತು ನೀಲಿ ಕಪ್ಪಾಗುತ್ತವೆ. ತಿಂಗಳುಗಟ್ಟಲೆ ಕೂತು ಬಣ್ಣ ಹೊಂದಿಸಿದವಳ ಶ್ರಮವನ್ನು ದೀಪದವನು ಒಂದು ಗುಂಡಿ ಒತ್ತಿ ಅಳಿಸಿಬಿಡುತ್ತಾನೆ. ಸಾಗರದ ಕಡೆ ಭೀಮನಕೋಣೆಯ ‘ಚರಕ’ದ ಹೆಣ್ಣುಮಕ್ಕಳು ಅಡಿಕೆ ಚೊಗರಿನಲ್ಲಿ ಅದ್ದಿ ತೆಗೆಯುವ ಕಂದುಗೆಂಪು ಇದೆಯಲ್ಲ, ಅಂಥ ಸೌಮ್ಯ ಬಣ್ಣಗಳು ಹಗಲ ಬೆಳಕಿನಲ್ಲಿಯೇ ಮಾತಾಡುವುದು. ಬೆಳಗಿನ ಆಟಕ್ಕೆ ಹಾಲಿನ ಕಿಟಕಿಗಳನ್ನು ತೆರೆದಿಡು, ಸಂಜೆಗೆ ಬಿಳಿ ದೀಪ ಸಾಕು. ದೀಪ ತಲೆಯ ಮೇಲಿನಿಂದ ಬೇಡ, ಬದಿಯಿಂದ ಬರಲಿ. ಬದಿ ಬೆಳಕಿನಲ್ಲಿ ಕಸೂತಿಯ ದಾರ ಬಟ್ಟೆಯಿಂದ ಎದ್ದು ನಿಲ್ಲುತ್ತದೆ, ಕೌದಿಯ ಓಡು ಹೊಲಿಗೆಯ ಸಾಲುಗಳು ಉತ್ತ ಹೊಲದ ಹಾಗೆ ಕಾಣುತ್ತವೆ. ಹೊಗೆ ಯಂತ್ರ ಯಾಕೆಂದು ನನಗೆ ಅರ್ಥವಾಗಲಿಲ್ಲ. ಕಾಣಲಿ ಎಂದು ಜನರನ್ನು ಕರೆದು ಕಣ್ಣಿಗೆ ಹೊಗೆ ಹಾಕುವುದೇ?

ಡಿಜೆಯೂ ಬೇಡ. ಸಂಗೀತವೇ ಬೇಡವೆನ್ನುತ್ತಿಲ್ಲ, ಒಂದು ಏಕತಾರಿಯೋ ಕೊಳಲೋ ಮೆಲ್ಲಗೆ ಇರಲಿ. ಲಂಬಾಣಿ ಉಡುಪು ಬರುವ ಹೊತ್ತಿಗೆ ಮಾತ್ರ ಅದನ್ನೂ ನಿಲ್ಲಿಸು. ಫೇಟಿಯಾ ಲಂಗ, ಕಾಂಚಳಿ ಕುಪ್ಪಸ ತೊಟ್ಟು ಒಬ್ಬಳು ನಡೆದು ಬಂದರೆ ಕವಡೆ, ನಾಣ್ಯ, ಗೆಜ್ಜೆ ತಾವೇ ಸದ್ದು ಮಾಡುತ್ತವೆ. ಆ ಸದ್ದು ಆ ಉಡುಪಿನ ಭಾಗ. ಹಾಡು ಹಾಕಿ ಅದನ್ನು ಮುಚ್ಚಿದರೆ ಉಡುಪಿನ ಅರ್ಧವನ್ನು ಕತ್ತರಿಸಿ ತೋರಿಸಿದ ಹಾಗೆ. ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಆ ಉಡುಪನ್ನು ತಾಂಡಾದ ಹೆಣ್ಣುಮಗಳೇ ತೊಡಲಿ. ತಯಾರಿಸಿದವಳನ್ನು ಬಾಗಿಲ ಹೊರಗೆ ಮಳಿಗೆಯಲ್ಲಿ ಕೂರಿಸಿ, ಒಳಗೆ ಬೆಂಗಳೂರಿನ ಹುಡುಗಿಗೆ ತೊಡಿಸಿ ಚಪ್ಪಾಳೆ ಹೊಡೆಸಿದ ಕಾರ್ಯಕ್ರಮಗಳನ್ನು ಬೇಕಾದಷ್ಟು ನೋಡಿದ್ದೇನೆ. ಅದು ನಿಮ್ಮಲ್ಲಿ ಆಗಬಾರದು.

ಹಾಗಾದರೆ ಯಾರು ನಡೆಯಬೇಕು? ಮಾಡಿದವರೇ. ಅವರಿಗೆ ಮನಸ್ಸಿಲ್ಲದಿದ್ದರೆ ಅವರ ಮಗಳು, ಸೊಸೆ, ಅತ್ತೆ, ಮೊಮ್ಮಗಳು. ದಿನಾ ಇಳಕಲ್ಲ ಸೀರೆಯನ್ನೇ ಕಚ್ಚೆ ಹಾಕಿ ಉಡುವ ಅಜ್ಜಿಗೆ ಯಾರೂ ನಡಿಗೆ ಕಲಿಸಬೇಕಿಲ್ಲ. ಆಕೆ ಸೀರೆಯನ್ನು ಹೊರುವುದಿಲ್ಲ, ಅದರೊಳಗೆ ಆರಾಮಾಗಿ ಇರುತ್ತಾಳೆ. ಮೊದಮೊದಲು ನಾಚುತ್ತಾರೆ, ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಒಂದು ದಿನ ಮೊದಲು ಕರೆಸಿ, ಚಹಾ ಕೊಟ್ಟು, ಖಾಲಿ ಹಾಲಿನಲ್ಲಿ ಎರಡು ಸುತ್ತು ನಡೆಸಿದರೆ ಸರಿಹೋಗುತ್ತದೆ. ಬೇಡ ಎಂದವರನ್ನು ಬಲವಂತ ಮಾಡಬೇಡ. ಪುಕ್ಕಟೆಯಾಗಿ ನಡೆಸಬೇಡ. ಮಗ್ಗ ಬಿಟ್ಟು ಬಂದರೆ ಆ ದಿನದ ಕೂಲಿ ಹೋಗುತ್ತದೆ. ಬಸ್ ಚಾರ್ಜು, ಊಟ, ಆ ದಿನದ ಕೂಲಿ ಮೂರನ್ನೂ ಲಕೋಟೆಯಲ್ಲಿ ಹಾಕಿ ಬೆಳಿಗ್ಗೆಯೇ ಕೈಗೆ ಕೊಡು. ಕಾರ್ಯಕ್ರಮ ಮುಗಿದ ಮೇಲೆ ಎಂದರೆ ಅಷ್ಟೊತ್ತಿಗೆ ಹಣದ ಡಬ್ಬಿ ಹಿಡಿದವರು ಮನೆ ಸೇರಿರುತ್ತಾರೆ. ಡಿಜೆ, ಹೊಗೆ, ಮಾಡೆಲ್‌ಗಳ ರೈಲು ಟಿಕೆಟ್ಟು ಬಿಟ್ಟರೆ ನಿನ್ನ ಪಟ್ಟಿಯಲ್ಲಿ ಇದಕ್ಕೆ ಬೇಕಾದಷ್ಟು ಹಣ ಉಳಿಯುತ್ತದೆ, ನಾನು ಕೂಡಿಸಿ ನೋಡಿದ್ದೇನೆ.

ಗಂಡಸರನ್ನು ಮರೆತೇ ಬಿಟ್ಟಿದ್ದೀ. ಒಬ್ಬ ಕುರಿಗಾಹಿಯನ್ನು ಕರಿ ಕಂಬಳಿಯ ಕೊಪ್ಪೆ ಹಾಕಿಸಿ ಕರೆಸು. ಒಂದು ಹೊಲಿಗೆ ಇಲ್ಲ, ಒಂದು ಕತ್ತರಿ ಏಟಿಲ್ಲ. ಚೌಕ ಬಟ್ಟೆಯನ್ನು ಮಡಿಚಿ ತಲೆಗೇರಿಸಿಕೊಂಡರೆ ಮಳೆಗೆ ಮನೆ, ಚಳಿಗೆ ಹೊದಿಕೆ. ದಖನಿ ಕುರಿಯ ಉಣ್ಣೆ, ಹಾಸಿನ ಎಳೆಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡಿದ್ದು. ಆದ್ದರಿಂದಲೇ ಹೊಸ ಕಂಬಳಿ ಅಷ್ಟು ಸೆಟೆದು ನಿಲ್ಲುತ್ತದೆ, ನೀರು ಬೇಗ ಒಳಗಿಳಿಯುವುದಿಲ್ಲ. ಫ್ಯಾಷನ್ ಎಂದು ಬಂದ ಹುಡುಗರು ಇದನ್ನೊಮ್ಮೆ ಹತ್ತಿರದಿಂದ ನೋಡಲಿ. ಒಂದು ಎಚ್ಚರಿಕೆ, ಕಂಬಳಿಯನ್ನು ನೆಲದ ಮೇಲೆ ಎಳೆಯುವುದು, ದಾಟುವುದು, ತುಳಿಯುವುದು ಆಗಬಾರದು. ಬೀರಪ್ಪನ ಒಕ್ಕಲಿನವರಿಗೆ ಅದು ಗದ್ದುಗೆಗೆ ಹಾಸುವ ವಸ್ತು.

ನಿರೂಪಣೆ ಮಾಡುವವಳು ಯಾರು? ಇಂಗ್ಲಿಷಿನಲ್ಲಿ ಸರಸರ ಮಾತಾಡುವ ಹುಡುಗಿಗಿಂತ ನಿಮ್ಮ ಬಳಗದಲ್ಲೇ ಬಟ್ಟೆ ಬಲ್ಲವಳೊಬ್ಬಳು ನಮ್ಮ ಮಾತಿನಲ್ಲಿ ಹೇಳಲಿ. ‘ಸೊಗಸಾದ’, ‘ಅದ್ಭುತವಾದ’, ‘ಪರಂಪರೆಯ’ ಎಂಬ ಮೂರು ಶಬ್ದಗಳನ್ನು ಆಕೆಯ ಕಾಗದದಿಂದ ಮೊದಲೇ ಹೊಡೆದು ಹಾಕು. ಬೇಕಾದದ್ದು ಬೇರೆ: ನೂಲು ಯಾವುದು, ನೇಯ್ದವರು ಯಾರು, ಯಾವ ಊರು, ಬಣ್ಣ ಹಾಕಿದವರು ಯಾರು, ಕಸೂತಿ ಯಾರದು, ಎಷ್ಟು ದಿನ ಹಿಡಿಯಿತು, ಹೊಲಿದ ದರ್ಜಿ ಯಾರು. ದರ್ಜಿಯನ್ನು ಎಲ್ಲರೂ ಮರೆಯುತ್ತಾರೆ. ಕಂಡಿಕೆ ಸುತ್ತಿದ ಹೆಂಗಸನ್ನಂತೂ ಕೇಳುವುದೇ ಬೇಡ. 2019-20ರ ನಾಲ್ಕನೇ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗದ ಕೆಲಸದವರು 35 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಎಂಟು ಲಕ್ಷಕ್ಕೂ ಮಿಕ್ಕವರು ನೇಯುವವರಲ್ಲ, ನೂಲು ಸುತ್ತುವ, ಹಾಸು ಹೂಡುವ, ಬಣ್ಣ ಹಾಕುವ ಪೂರಕ ಕೆಲಸದವರು. ಅವರಿಲ್ಲದಿದ್ದರೆ ಲಾಳಿ ಖಾಲಿ. ಅವರ ಹೆಸರನ್ನೂ ಓದಿಸು. ಓದಿಸುವ ಮೊದಲು ಅವರನ್ನು ಕೇಳು, ಹೆಸರು ಹೇಗೆ ಹೇಳಬೇಕೆಂದೂ ಕೇಳು.

ಹೆಸರಿಗೆ ಇಷ್ಟೇಕೆ ಒತ್ತು ಎಂದು ನಿನಗೆ ಅನ್ನಿಸಬಹುದು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಕುರ್ಚಿ ಬಿಟ್ಟು ಕರಕುಶಲದ ಕೆಲಸ ಹಿಡಿದರು. 1952ರಲ್ಲಿ ಹುಟ್ಟಿದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ವರ್ಷಗಟ್ಟಲೆ ನಡೆಸಿದರು. ಅವರ ಕಾಲದಲ್ಲಿಯೇ, 1965ರಿಂದ, ಕುಶಲಕರ್ಮಿಗಳಿಗೆ ರಾಷ್ಟ್ರೀಯ ಪ್ರಶಸ್ತಿ ಕೊಡುವ ಪದ್ಧತಿ ಬಂತು. ಅಲ್ಲಿಯವರೆಗೆ ಮಡಕೆಗೆ ಊರ ಹೆಸರಿತ್ತು, ಸೀರೆಗೆ ಊರ ಹೆಸರಿತ್ತು, ಮಾಡಿದವರಿಗೆ ಹೆಸರಿರಲಿಲ್ಲ. ಈಗಲೂ ಬಹಳ ಬದಲಾಗಿಲ್ಲ ಅನ್ನು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರಿನ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ದಾಖಲೆಯ ಸಂಖ್ಯೆ ಪತ್ರಿಕೆ ಓದಿದ ಎಲ್ಲರಿಗೂ ಗೊತ್ತು. ಆ ಹೆಂಗಸರಲ್ಲಿ ಒಬ್ಬಳ ಹೆಸರು ಹೇಳು ಎಂದರೆ ನಾನೂ ನೀನೂ ಇಬ್ಬರೂ ಸುಮ್ಮನಾಗುತ್ತೇವೆ.

ಬಟ್ಟೆ ಕತ್ತರಿಸುವ ವಿಷಯಕ್ಕೆ ಬರುತ್ತೇನೆ. ಖಣ ಬಹಳ ಜನರ ಕೈಗೆ ಸಿಕ್ಕಿ ನಲುಗುತ್ತಿದೆ. ಅದು ಕುಪ್ಪಸಕ್ಕೆಂದು ನೇಯ್ದದ್ದು, ಅಗಲ ಕಡಿಮೆ, ಎರಡೂ ಬದಿಗೆ ದಡಿ, ನಡುವೆ ತೇರು, ಆನೆ ಹೆಜ್ಜೆ ಅಂಥ ಸಣ್ಣ ಬುಟ್ಟಾಗಳು. ನಮ್ಮ ಹಳೆಯ ದರ್ಜಿಗಳು ದಡಿ ತೋಳಿನ ತುದಿಗೇ ಬರುವಂತೆ, ಚೂರೂ ಹಾಳಾಗದಂತೆ ಕತ್ತರಿಸುತ್ತಿದ್ದರು. ಈಗಿನ ಡಿಸೈನರ್ ಹುಡುಗಿಯರು ಅದನ್ನು ಓರೆಯಾಗಿ ಕತ್ತರಿಸಿ ಘೇರಿನ ಗೌನು ಹೊಲಿಸುತ್ತಾರೆ. ಆನೆ ಹೆಜ್ಜೆಗಳು ದಿಕ್ಕು ತಪ್ಪಿ ಅಡ್ಡಾದಿಡ್ಡಿ ಓಡುತ್ತವೆ, ಅರ್ಧ ಬಟ್ಟೆ ಕಸಕ್ಕೆ. ಹೊಸದು ಮಾಡಬಾರದು ಎನ್ನುವ ಮುದುಕಿ ನಾನಲ್ಲ. ಖಣದ ಕುರ್ತಾ, ಜಾಕೀಟು, ಗಂಡಸರ ಕೋಟಿನ ಕೊರಳಪಟ್ಟಿ, ಎಲ್ಲ ಚೆಂದ. ಬಟ್ಟೆಯ ಅಗಲ ಎಷ್ಟಿದೆಯೋ ಅದಕ್ಕೆ ತಕ್ಕ ಉಡುಪು ಯೋಚಿಸಲಿ, ಉಡುಪು ಮೊದಲು ಯೋಚಿಸಿ ಬಟ್ಟೆಯನ್ನು ಹರಿಯದಿರಲಿ. ಕೈಮಗ್ಗದ ಬಟ್ಟೆಯನ್ನು ಕತ್ತರಿಸುವ ಮೊದಲು ಒಮ್ಮೆ ನೀರಿಗೆ ಹಾಕಿ ಒಣಗಿಸಲಿ. ಕುಗ್ಗುವುದು, ಬಣ್ಣ ಬಿಡುವುದು ಏನಿದ್ದರೂ ಆಗಲೇ ಆಗಿಬಿಡಲಿ. ಹೊಲಿಗೆಯ ಒಳಗೆ ಬಟ್ಟೆ ಸ್ವಲ್ಪ ಹೆಚ್ಚೇ ಬಿಡಲಿ, ಸಡಿಲ ನೇಯ್ಗೆ ಬೇಗ ಎಳೆ ಬಿಡುತ್ತದೆ. ಹಳೆಯ ಕೌದಿಯನ್ನು ಜಾಕೀಟಿಗಾಗಿ ಯಾರಾದರೂ ಕತ್ತರಿಸಿ ತಂದರೆ ಒಪ್ಪಬೇಡ. ಅದರೊಳಗೆ ಯಾವ ಅಜ್ಜಿಯ ಸೀರೆ, ಯಾವ ಕೂಸಿನ ಅಂಗಿ ಇದೆಯೋ. ಜಾಕೀಟು ಬೇಕಾದರೆ ಜಾಕೀಟಿಗೆಂದೇ ಹೊಸದಾಗಿ ಕೌದಿ ಹೊಲಿಗೆ ಹಾಕಲಿ. ಹಳೆಯದನ್ನು ಇಬ್ಬರು ಎರಡು ತುದಿ ಹಿಡಿದು ನಿಧಾನಕ್ಕೆ ತಂದರೆ ಸಾಕು.

ಬೆಲೆಯನ್ನು ಮುಚ್ಚಿಡಬೇಡ. ಪ್ರದರ್ಶನ ಮುಗಿದ ಮೇಲೆ ಜನ ಮೊದಲು ಕೇಳುವುದು ಅದನ್ನೇ, ಕೇಳಿದ ಕೂಡಲೇ ಹುಬ್ಬೇರಿಸುತ್ತಾರೆ. ಆ ಹುಬ್ಬಿಗೆ ಉತ್ತರ ಸಿದ್ಧವಿರಲಿ. ಒಂದು ಸೀರೆಯ ಕಸೂತಿಗೆ ಮೂವತ್ತು ದಿನ ಹಿಡಿಯಿತು ಎನ್ನೋಣ. ದಿನಕ್ಕೆ ಬರೀ 400 ರೂಪಾಯಿ ಹಿಡಿದರೂ ಕೂಲಿಯೇ 12,000. ಸೀರೆಯ ಬೆಲೆ, ದಾರ, ದರ್ಜಿ ಬೇರೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಪ್ರತಿ ಉಡುಪಿನ ಪಕ್ಕ ತೂಗುಹಾಕು. ಕೂಲಿ ಇಷ್ಟು, ನೂಲು ಇಷ್ಟು, ಬಳಗಕ್ಕೆ ಇಷ್ಟು. ತೆರಿಗೆ ಇದ್ದರೆ ಅದೂ ಇರಲಿ. ರಂಗಕರ್ಮಿ ಪ್ರಸನ್ನ 2017ರಲ್ಲಿ ಕೈಉತ್ಪನ್ನಗಳಿಗೆ ಜಿಎಸ್‌ಟಿ ಬೇಡವೆಂದು ಉಪವಾಸ ಕೂತಾಗ ಎಷ್ಟೋ ಜನಕ್ಕೆ ಕೈಯಿಂದ ಮಾಡಿದ್ದಕ್ಕೂ ತೆರಿಗೆ ಇದೆ ಎಂಬುದು ಹೊಸ ಸುದ್ದಿಯಾಗಿತ್ತು. ಲೆಕ್ಕ ನೋಡಿದ ಮೇಲೂ ಚೌಕಾಸಿ ಮಾಡುವವರು ಇರುತ್ತಾರೆ. ಅವರಿಗೆ ಒಂದು ಲೋಟ ಚಹಾ ಕೊಟ್ಟು ಕಳಿಸು, ಬೆಲೆ ಇಳಿಸಬೇಡ. ‘ಒಂದು ಕೊಂಡರೆ ಒಂದು ಉಚಿತ’ ಎಂಬ ಬೋರ್ಡು ನಿಮ್ಮ ಹಾಲಿನ ಆವರಣದಲ್ಲಿ ಕಂಡರೆ ನಾನು ಬಾಗಿಲಿನಿಂದಲೇ ಹಿಂದಕ್ಕೆ ಹೋಗುತ್ತೇನೆ.

ಬಹುಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು, ಎರಡು, ಮೂರು ಎಂದು ಕೊಟ್ಟರೆ ಮೂವರಿಗೆ ಸಂತೋಷ, ಉಳಿದವರು ವರ್ಷವಿಡೀ ಮಾತಾಡುವುದಿಲ್ಲ. ಒಂದೇ ಬಹುಮಾನ ಇಡು, ಅತಿ ಸ್ವಚ್ಛವಾದ ಹಿಂಬದಿಗೆ.

ಬಣ್ಣದ ಕೋಣೆಯಲ್ಲಿ ಒಬ್ಬ ಗಟ್ಟಿಗಿತ್ತಿಯನ್ನು ನಿಲ್ಲಿಸು. ನೆಲಕ್ಕೆ ತೊಳೆದ ಬೆಡ್‌ಶೀಟು ಹಾಸಬೇಕು. ಪೌಡರು, ಲಿಪ್‌ಸ್ಟಿಕ್, ಸೆಂಟು ಎಲ್ಲ ಉಡುವ ಮೊದಲೇ ಮುಗಿಯಬೇಕು. ರೇಷ್ಮೆಯ ಮೇಲೆ ಸೆಂಟು ಬಿದ್ದರೆ ಕಲೆ ಉಳಿಯುತ್ತದೆ. ಸೇಫ್ಟಿ ಪಿನ್ನು ಕಸೂತಿಯ ಮೇಲೆ, ಕೊಂಡಿಯ ಮೇಲೆ ಚುಚ್ಚಬಾರದು. ಇಸ್ತ್ರಿ ಮಾಡಬೇಕೆಂದರೆ ಕಸೂತಿಯನ್ನು ದಪ್ಪ ಟವೆಲ್ಲಿನ ಮೇಲೆ ಬೋರಲು ಹಾಕಿ ಮಾಡಬೇಕು, ಇಲ್ಲದಿದ್ದರೆ ಎದ್ದ ದಾರವೆಲ್ಲ ಚಪ್ಪಟೆಯಾಗುತ್ತದೆ. ಕನ್ನಡಿ ಕೆಲಸದ ಹತ್ತಿರಕ್ಕೆ ಇಸ್ತ್ರಿಪೆಟ್ಟಿಗೆ ಒಯ್ಯಲೇಬೇಡಿ. ಇವೆಲ್ಲ ನಿನಗೆ ಗೊತ್ತು, ಆದರೆ ಆ ಗಡಿಬಿಡಿಯಲ್ಲಿ ಗೊತ್ತಿದ್ದವರೂ ಮರೆಯುತ್ತಾರೆ.

ಕೊನೆಯದಾಗಿ ತಾರೀಖು. ರಾಷ್ಟ್ರೀಯ ಕೈಮಗ್ಗ ದಿನವೆಂದು ಆಗಸ್ಟ್ 7 ಇಟ್ಟುಕೊಂಡಿದ್ದೀರಿ. 1905ರ ಅದೇ ದಿನ ಕಲ್ಕತ್ತದ ಟೌನ್ ಹಾಲಿನಲ್ಲಿ ಸ್ವದೇಶಿ ಚಳವಳಿಗೆ ಚಾಲನೆ ಸಿಕ್ಕಿತು, ಆ ನೆನಪಿಗೆ 2015ರಿಂದ ಈ ದಿನ. ಉದ್ದೇಶ ದೊಡ್ಡದು, ಆದರೆ ಧಾರವಾಡದ ಆಗಸ್ಟ್ ಮಳೆಗೆ ಇತಿಹಾಸ ಗೊತ್ತಿಲ್ಲ. ಬಟ್ಟೆ ತಣ್ಣಗಾಗಿ ಜೋತು ಬೀಳುತ್ತದೆ, ಇಳಕಲ್ಲಿನಿಂದ, ಗುಳೇದಗುಡ್ಡದಿಂದ ಗಂಟು ಹೊತ್ತು ಬರುವವರು ಬಸ್‌ಸ್ಟ್ಯಾಂಡಿನಲ್ಲಿ ನೆನೆಯುತ್ತಾರೆ, ಬೆಳಗಿನ ಬೆಳಕು ನಂಬುವ ಹಾಗಿರುವುದಿಲ್ಲ. ಅದೇ ದಿನ ಎಲ್ಲ ಕಡೆ ಸರಕಾರಿ ಕಾರ್ಯಕ್ರಮ, ನೇಕಾರರನ್ನು ನಾಲ್ಕು ಕಡೆ ಎಳೆದಾಡುತ್ತಾರೆ. ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ನೋಡಿ. ಬಿಸಿಲೂ ಇರುತ್ತದೆ, ಮದುವೆಯ ಸೀರೆ ಕೊಳ್ಳುವವರೂ ಓಡಾಡುತ್ತಿರುತ್ತಾರೆ. ಮಂಟಪ ಸಿಗುವುದು ಕಷ್ಟ, ಈಗಲೇ ಹೋಗಿ ಮುಂಗಡ ಕೊಟ್ಟು ಬಾ.

ಉಡುಪು ಆರಿಸುವ ದಿನ ಯಾವುದೆಂದು ಫೋನು ಮಾಡು. ಭೂತಕನ್ನಡಿ ಹಿಡಿದು ನಾನೂ ಬರುತ್ತೇನೆ. ಮೆಷಿನ್ ಕಸೂತಿ ತಂದು ಕೈಯದೆಂದು ವಾದಿಸುವವರ ಜೊತೆ ಜಗಳ ಆಡುವ ಕೆಲಸ ನನಗೇ ಬಿಡು. ನನ್ನ ವಯಸ್ಸಿಗೆ ಯಾರೂ ತಿರುಗಿ ಬೈಯುವುದಿಲ್ಲ.